ತೆಂಗಿನ ಬುಡದ ಜಲ್ಲಿ ರಾಶಿ

"ಕೂಗು ಕೇಳುಸ್ಕೊಂಡೂ ನಿಲ್ಲುಸ್ದೆ ಹೋದ ಅಂತ ಬರ್ಕೊಂಡವ್ರೆ ಕಣಮ್ಮ. ನನ್ ಗಂಡ ಅಂತಾವ್ನಲ್ಲ. ರೋಡಲ್ಲಿ ನಾಯಿ ಅಡ್ಡ ಬಂದ್ರೂ ಇಳ್ದು ನೋಡೋನು."

ಐಜೂರಿನ ನಮ್ಮ ಜಗಲಿಯ ಮೇಲೆ ನಿಂತು ಆ ಹೆಂಗಸು ಹೀಗೆ ಹೇಳಿದಳು. ಕುಳಿತುಕೊಳ್ಳೆಂದರೂ ಕೂರಲಿಲ್ಲ. ಹೆಸರು ಚೈತ್ರಾ, ಊರು ಚನ್ನಪಟ್ಟಣ. ಗಂಡ ಮಧುಕುಮಾರ್ ಕ್ರಷರಿನಿಂದ ಜಲ್ಲಿ ಸಾಗಿಸುವ ಚಿಕ್ಕ ಟಿಪ್ಪರಿನ ಚಾಲಕ. ಬೈರಮಂಗಲದಲ್ಲಿ ಬೋರಲಿಂಗಯ್ಯ ಎಂಬ ರೈತ ತನ್ನ ಹೊಲದಲ್ಲಿ ಹೊಸ ಮನೆ ಕಟ್ಟಲು ತರಿಸಿದ ಒಂದು ಲೋಡ್ ಜಲ್ಲಿಯನ್ನು ಮುಸ್ಸಂಜೆಯಲ್ಲಿ ಸುರಿದು ಬಂದಿದ್ದ. ಮರುದಿನ ಬೆಳಗ್ಗೆ ಬೋರಲಿಂಗಯ್ಯ ಅದೇ ಜಲ್ಲಿಯ ಕೆಳಗೆ ಹೆಣವಾಗಿ ಸಿಕ್ಕಿದ. ಮಧುಕುಮಾರನನ್ನು ಪೊಲೀಸರು ಹಿಡಿದರು.

"ಕೂಗು ಕೇಳಿದ್ದು ಯಾರಿಗೆ?" ಎಂದು ನಾಗಲಕ್ಷ್ಮಮ್ಮನವರು ಕೇಳಿದರು.

"ಸತ್ತೋದ ಬೋರಲಿಂಗಯ್ಯಂಗೆ ಚಿಕ್ಕಪ್ಪ, ಕೆಂಪಯ್ಯ ಅಂತ. ಪಕ್ಕದ್ ಹೊಲದ ಮನೇಲಿ ಅವ್ರೆ. ಊರಿಗೆ ದೊಡ್ಡ ಮನ್ಸ. ಅವ್ರ ಮಾತು ಮುಂದೆ ನಮ್ ಮಾತು ಯಾರು ಕೇಳ್ತಾರೆ? ಅಪಘಾತ ಅಲ್ಲ, ಬೇಕಂತ ಬುಟ್ಟೋದ ಅಂತ ಕೇಸ್ ಆಗ್ಯದಂತೆ. ವರ್ಷಗಟ್ಟಲೆ ಒಳಗಿರ್ಬೇಕಂತೆ."

ನಾಗಲಕ್ಷ್ಮಮ್ಮನವರು ಪೊಲೀಸ್ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ನಾನು ಅವರ ಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿರುವ ಗಣಿತದ ಮೇಷ್ಟ್ರು. ತಾವು ಹೇಳುವುದನ್ನು ಕೇಳಿ, ತಪ್ಪಿದ್ದಲ್ಲಿ ತಪ್ಪೆನ್ನುವ ಒಬ್ಬ ಮನುಷ್ಯ ಪಕ್ಕದಲ್ಲಿರಬೇಕೆಂಬುದು ಅವರ ನಿಯಮ. ಆ ಕೆಲಸಕ್ಕೆ ನಾನು ಒದಗುತ್ತಿದ್ದೆ.

"ಮೇಷ್ಟ್ರೇ, ಚಪ್ಪಲಿ ಬೇಡ, ಶೂಸ್ ಹಾಕ್ಕೊಳ್ಳಿ. ಜಲ್ಲಿ ಮೇಲೆ ನಡೀಬೇಕು" ಎಂದರು. ಚೈತ್ರಾ ಆಗ ಕುಳಿತಳು.

ಮೊದಲು ಠಾಣೆಗೆ ಹೋದೆವು. ಇನ್ಸ್‌ಪೆಕ್ಟರ್ ಅನಂತರಾಜು ಹಿಂದೆ ನಾಗಲಕ್ಷ್ಮಮ್ಮನವರ ಕೈಕೆಳಗೆ ದುಡಿದವರು. ಎದ್ದು ನಿಂತು ಮಾತಾಡಿಸಿದರು. ಮಧುಕುಮಾರನನ್ನು ಕರೆಸಿದರು.

"ಎಲ್ಲಿ ಸುರಿದೆ?"

"ತೆಂಗಿನ ಮರದ ಬುಡಕ್ಕಮ್ಮ. ಬೋರಲಿಂಗಣ್ಣ ಫೋನಲ್ಲಿ ಹೇಳುದ್ರು, ಮರದತ್ರ ಹಾಕ್ಬುಡು, ನಾನು ಆಮೇಕೆ ಬತ್ತೀನಿ ಅಂತ. ಹುಲ್ಲು ಬೆಳ್ದಿತ್ತು, ಮಬ್ಬುಗತ್ಲು. ಹಿಂದಕ್ಕೆ ತಗೊಂಡು ಸುರಿದೆ. ಯಾರೂ ಇರ್ನಿಲ್ಲ, ನನ್ ಮಕ್ಳಾಣೆಗೂ ಇರ್ನಿಲ್ಲ."

"ಮರಕ್ಕೆ ತಾಗಿ ಬಿತ್ತಾ?"

"ತಾಗೇ ಬಿತ್ತು. ಒಂದೆರಡು ಕಲ್ಲು ಟಣ್ ಅಂತ ಮರಕ್ಕೆ ಹೊಡ್ದಿದ್ದೂ ಕೇಳ್ತು."

ಶವಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿತ್ತು. ತಲೆಯ ಹಿಂಭಾಗದಲ್ಲಿ ಪೆಟ್ಟು, ಅದರಿಂದಲೇ ಸಾವು. ಅಂಗೈ ಮತ್ತು ಮೊಣಕೈ ತರಚಿದ್ದು, ಗಾಯದೊಳಗೆ 'ಗ್ರಾವೆಲ್' ಇತ್ತು ಎಂದು ಬರೆದಿತ್ತು.

"ಯಾವ ಗ್ರಾವೆಲ್, ಅನಂತರಾಜು? ಜಲ್ಲಿಯೋ, ಗರಸೋ?"

"ಎರಡೂ ಕಲ್ಲೇ ಅಲ್ವಾ ಮೇಡಂ?"

"ರಾಗೀನೂ ಭತ್ತಾನೂ ಎರಡೂ ಕಾಳೇ. ಹಾಗಂತ ನಿಮ್ಮನೇಲಿ ಭತ್ತ ಬೀಸಿ ಮುದ್ದೆ ತಿರುವ್ತಾರಾ?"

ಅನಂತರಾಜು ನಕ್ಕು ಆಸ್ಪತ್ರೆಗೆ ಫೋನು ಮಾಡಿದರು. ಗಾಯದಿಂದ ತೆಗೆದ ಚೂರುಗಳನ್ನು ವೈದ್ಯೆ ಶೀಶೆಯಲ್ಲಿಟ್ಟಿದ್ದರು. ಕೆಂಪಗಿವೆ, ಅಂಚು ಮೊಂಡಾಗಿದೆ ಎಂದು ಆಕೆ ತಿಳಿಸಿದರು. ಜಲ್ಲಿ ಎಂದರೆ ಬಂಡೆಯನ್ನು ಯಂತ್ರದಲ್ಲಿ ಒಡೆದದ್ದು. ಬೂದು ಬಣ್ಣ, ಚೂಪು ಅಂಚು. ಗರಸು ನೆಲದಿಂದ ಅಗೆದು ತೆಗೆಯುವ ಕೆಂಪು ಹರಳುಮಣ್ಣು. ಕಾಲುದಾರಿಗೆ, ಗಾಡಿದಾರಿಗೆ ಹರಡುತ್ತಾರೆ. ಎರಡನ್ನೂ ಒಂದೇ ಪದದಲ್ಲಿ ಮುಗಿಸಿದ್ದು ವರದಿಯ ದೋಷ. ಆದರೆ ಕೆಂಪು ಚೂರುಗಳಿಂದ ಏನು ಸಾಧಿಸಬಹುದೆಂದು ನನಗೆ ತೋರಲಿಲ್ಲ.

ಬೈರಮಂಗಲದ ಆ ಹೊಲ ಊರಿನಿಂದ ಸ್ವಲ್ಪ ಹೊರಗಿದೆ. ಗರಸು ಹಾಕಿದ ಗಾಡಿದಾರಿ ಒಂದು ಅಂಚಿಗೆ. ಅದರ ಪಕ್ಕದಲ್ಲಿ ಹಳೆಯ ತೆಂಗಿನ ಮರ. ಮರದ ನೆರಳಿನಲ್ಲಿ, ಈ ಸೀಮೆಯ ಒಕ್ಕಲು ಮನೆತನಗಳ ಪದ್ಧತಿಯಂತೆ, ಆ ವಂಶದವರ ಸಮಾಧಿಗಳು ಸಾಲಾಗಿದ್ದವು. ಮಣ್ಣಿನ ದಿಬ್ಬಗಳು, ತಲೆಯ ಕಡೆಗೊಂದು ಕಲ್ಲು, ಅಷ್ಟೆ. ಹುಲ್ಲು ಆಳೆತ್ತರಕ್ಕೆ ಬೆಳೆದು ಅವುಗಳನ್ನು ಮರೆಮಾಡಿತ್ತು. ಸಾಲಿನ ಕೊನೆಗೆ ಹೊಸ ಮಣ್ಣಿನ ದಿಬ್ಬ, ಅದು ಬೋರಲಿಂಗಯ್ಯನದೇ. ಮರಕ್ಕೆ ಹತ್ತಿರದ ಒಂದು ಸಮಾಧಿಯ ಮೇಲೆ ಮಾತ್ರ ಹುಲ್ಲಿಲ್ಲ, ಕಸವಿಲ್ಲ. ಅದನ್ನು ಗುಡಿಸಿ, ನೀರು ಚಿಮುಕಿಸಿ, ಕೈಯಲ್ಲಿ ಸವರಿದಂತಿತ್ತು.

ಜಲ್ಲಿ ರಾಶಿ ಮರದಿಂದ ಒಂದೆರಡು ಮಾರು ಈಚೆಗೆ ನಿಂತಿತ್ತು. ಹೆಣವನ್ನು ತೆಗೆದ ಕಡೆ ಪೊಲೀಸರು ಅಗೆದಿದ್ದರಿಂದ ಒಂದು ಪಕ್ಕ ಸೀಳಿದಂತಾಗಿ ಒಡಲು ಕಾಣುತ್ತಿತ್ತು.

ಮನೆ ಕಟ್ಟುವ ಕೆಲಸ ಹಿಡಿದಿದ್ದ ಮೇಸ್ತ್ರಿ ನರಸಯ್ಯ ಅಲ್ಲೇ ಬೀಡಿ ಸೇದುತ್ತ ಕುಳಿತಿದ್ದ. ಜಲ್ಲಿಯ ವಿಚಾರಕ್ಕೆ ಅವನಿಗೂ ಬೋರಲಿಂಗಯ್ಯನಿಗೂ ಹಿಂದಿನ ದಿನವೇ ಜಗಳವಾಗಿತ್ತೆಂದು ಅನಂತರಾಜು ಮೊದಲೇ ಹೇಳಿದ್ದರು. ಆ ಸಂಜೆ ಎಲ್ಲಿದ್ದೆಯೆಂದರೆ ಬಿಡದಿ ಎನ್ನುತ್ತಿದ್ದ. ಯಾರೊಂದಿಗೆ ಎಂದರೆ ಸುಮ್ಮನಾಗುತ್ತಿದ್ದ. ನನಗೆ ಅವನ ಮೇಲೆ ಅನುಮಾನವಿತ್ತು.

"ಜಗಳ ಯಾತಕ್ಕಪ್ಪ?" ನಾಗಲಕ್ಷ್ಮಮ್ಮನವರು ಕೇಳಿದರು.

"ಜಲ್ಲಿ ಅಂದ್ರೆ ಎಲ್ಲಾ ಒಂದೇ ಅಂತಿದ್ರು ಯಜಮಾನ್ರು. ರೈಲು ಪಟ್ಟಿಗೆ ದಪ್ಪಂದು ಬೇರೆ, ರೋಡಿಗೆ ಬೇರೆ, ತಾರಸಿ ಮೋಲ್ಡಿಗೆ ಇಪ್ಪತ್ತು ಎಂ.ಎಂ.ದೇ ಬೇಕು, ಬೋರ್‌ವೆಲ್ ಸುತ್ತ ಇಳಿಸೋಕೆ ನುಣ್ಣಗಿರೋ ಉಂಡೆಕಲ್ಲು. ಇವ್ರು ಅಗ್ಗಕ್ಕೆ ಸಿಗ್ತದೆ ಅಂತ ದಪ್ಪ, ಸಣ್ಣ, ಪುಡಿ ಎಲ್ಲಾ ಕಲೆತಿರೋದು ಹೇಳ್ಬುಟ್ರು. ಮೋಲ್ಡು ಸೋರುದ್ರೆ ಬೈಸ್ಕೊಳೋದು ಯಾರು? ನಾನು! ಅದಕ್ಕೆ ಬಾಯಿ ಮಾಡ್ದೆ. ಸಾಯ್ಸೋವಷ್ಟು ಇತ್ತಾ ಅದು?"

"ಕೋಪ ಬಿಡು. ನಿನ್ನ ಸಲಿಕೆ ತಗೊಂಡು ರಾಶೀನ ಆ ಕಡೆಯಿಂದ್ಲೂ ಒಸಿ ಸೀಳು. ಮೇಲಿಂದ ಕೆಳಗೆ, ನೇರವಾಗಿ."

ಗೊಣಗುತ್ತ ಸೀಳಿದ. ನಾಗಲಕ್ಷ್ಮಮ್ಮನವರು ಎರಡೂ ಸೀಳುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು, ನನಗೂ ತೋರಿಸಿದರು. ನರಸಯ್ಯ ಈಗ ಸೀಳಿದ ಕಡೆ, ರಾಶಿಯ ನಡುವೆ ಪುಡಿ ಮತ್ತು ಸಣ್ಣ ಜಲ್ಲಿ ಇತ್ತು, ದಪ್ಪ ಜಲ್ಲಿ ಅಂಚಿಗೆ ಉರುಳಿತ್ತು. ಹೆಣ ಸಿಕ್ಕ ಕಡೆ ಇದು ತಿರುಗುಮುರುಗಾಗಿತ್ತು: ದಪ್ಪ ಜಲ್ಲಿ ಒಳಗೆ, ಪುಡಿ ಹೊರಗೆ. ಆ ಒಳಭಾಗದಿಂದಲೇ ಅವರು ಒಂದು ಕಲ್ಲನ್ನು ಎತ್ತಿದರು. ಅದಕ್ಕೆ ಅರಿಸಿನ ಕುಂಕುಮ ಮೆತ್ತಿತ್ತು.

"ಮೇಷ್ಟ್ರೇ, ಈ ಪಕ್ಕದಷ್ಟು ಜಲ್ಲಿಯನ್ನ ಒಬ್ಬನೇ ಮನುಷ್ಯ ಒಂದು ರಾತ್ರಿಯಲ್ಲಿ ಸರಿಸಬಹುದಾ?"

ರಾಶಿಯ ಸುತ್ತಳತೆ, ಎತ್ತರಗಳನ್ನು ಕೋಲಿನಿಂದ ಅಳೆದು, ಜಲ್ಲಿ ಹೊರುವ ಒಂದು ಬಾಣಲಿಗೆ ಎಷ್ಟು ಹಿಡಿಯುತ್ತದೆಂದು ನರಸಯ್ಯನನ್ನು ಕೇಳಿ ಭಾಗಿಸಿದೆ. "ಮೈ ಬಗ್ಗಿಸಿ ದುಡಿದವನಾದರೆ ಸರಿಸಬಹುದು. ವಯಸ್ಸು ಅಡ್ಡಿಯಲ್ಲ" ಎಂದೆ.

ಆಗ ಬೋರಲಿಂಗಯ್ಯನ ಹೆಂಡತಿ ದೊಡ್ಡಲಕ್ಷ್ಮಮ್ಮ ಬಂದರು. ಆ ಸಂಜೆ ಅವರು ಕುದೂರಿನ ತವರುಮನೆಯಲ್ಲಿದ್ದರು. ಕೆಂಪಯ್ಯನೂ ಜೊತೆಯಲ್ಲಿದ್ದ. ಎತ್ತರದ ಆಳು, ನೆಟ್ಟಗಿನ ಬೆನ್ನು, ಹೆಗಲ ಮೇಲೆ ಟವಲು. ಊರಿನವರು ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು.

"ಜಲ್ಲಿಗೆ ಪೂಜೆ ಮಾಡಿದ್ರಾ ಮನೇಲಿ?" ಎಂದು ನಾಗಲಕ್ಷ್ಮಮ್ಮನವರು ಕೇಳಿದರು.

"ಗುದ್ದಲಿಪೂಜೆ ಆಗೋಗಿತ್ತು ಕಣಮ್ಮ. ಜಲ್ಲಿಗೆ ಯಾರು ಪೂಜೆ ಮಾಡ್ತಾರೆ?" ಎಂದರು ದೊಡ್ಡಲಕ್ಷ್ಮಮ್ಮ.

"ಈ ಸಮಾಧಿ ಯಾರದು? ಚೊಕ್ಕವಾಗಿದೆ."

"ನಮ್ ಚಿಕ್ಕತ್ತೆ ಕೆಂಚಮ್ಮಂದು. ಈ ಕೆಂಪಯ್ಯ ಮಾವನ ಹೆಂಡ್ರು. ಬಾಯ್ತುಂಬ ಎಲೆ ಹಾಕ್ಕೊಂಡು ಊರೆಲ್ಲಾ ನಗ್ಸೋರು. ನಮ್ಮನೆಯವ್ರನ್ನ ಸಾಕಿದ್ದೇ ಅವ್ರು. ಹೆತ್ತವ್ವ ಎಳೇ ಮಗೂನೇ ಬುಟ್ಟು ತೀರೋಗಿದ್ರಲ್ಲ."

"ಗುಡಿಸೋರು ನೀವಾ ಕೆಂಪಯ್ಯನೋರೇ?"

"ಊಂ. ಅವತ್ತು ಬೆಳಗ್ಗೆ ಗುಡಿಸಾನ ಅಂತ ಬಂದೆ, ಜಲ್ಲಿಯೊಳ್ಗೆ ಕಾಲು ಕಾಣ್ತು. ಪೊಲೀಸ್ರಿಗೂ ಹೇಳಿವ್ನಿ" ಎಂದು ಕೆಂಪಯ್ಯ ಮುಖ ತಿರುಗಿಸಿದ. "ಆ ಡ್ರೈವರ್ ನನ್ಮಗ ಕೂಗು ಕೇಳುಸ್ಕೊಂಡೂ ಹೋದ. ಅದನ್ನ ಬುಟ್ಟು ಗುಡಿಸಿದ್ದು ಯಾರು, ಎಲೆ ಹಾಕ್ತಿದ್ದೋರು ಯಾರು ಅಂತ ಮಾತಾಡ್ತಾ ಕೂತವ್ರೆ."

"ಬೋರಲಿಂಗಯ್ಯ ಎಲೆ ಹಾಕ್ತಿದ್ರಾ?"

"ಊರೇ ಬಲ್ಲದು, ಅವ್ನು ಬಾಯಿಗೆ ಅಡಿಕೆ ಚೂರೂ ಹಾಕ್ದೋನಲ್ಲ."

ಕೆಂಪಯ್ಯ ಹೋದ ಮೇಲೆ ನಾಗಲಕ್ಷ್ಮಮ್ಮನವರು ಕಳ್ಳಿಬೇಲಿಯ ಬುಡದಲ್ಲಿ ಹುಡುಕಿದರು. ಗುಡಿಸಿದ ಕಸವನ್ನು ಅಲ್ಲಿ ಸುರಿದಿತ್ತು. ಹುಲ್ಲಿನ ಚೂರು, ಒಣಗಿದ ಗರಿ. ಅವುಗಳ ನಡುವೆ ಬಿಳಿಬೂದು ಕಲ್ಲುಪುಡಿ, ಚೆಂಡುಹೂವಿನ ಎಸಳು, ಬಾಡಿದ ಎರಡು ವೀಳ್ಯದೆಲೆ, ಒಂದು ಎಸಳು ಹೊಗೆಸೊಪ್ಪು. ಎಲ್ಲವನ್ನೂ ಕಾಗದದಲ್ಲಿ ಕಟ್ಟಿಕೊಂಡರು.

ಊರ ಬಾಗಿಲಿನಲ್ಲಿ ಕರೀಮುನ್ನೀಸಾ ಎಂಬಾಕೆಯ ಅಂಗಡಿ. ಹಿಂದಿರುಗುವಾಗ ಅಲ್ಲಿ ನಿಂತೆವು.

"ಬೋರಲಿಂಗಣ್ಣ ತಾನೆ? ಬಂದಿದ್ರು. ಅವತ್ತೇ, ದೀಪ ಹಚ್ಚೋ ಹೊತ್ತು. ಹೂವು, ಅರಿಸಿನ, ಕುಂಕುಮ, ಎಲೆ, ಹೊಗೆಸೊಪ್ಪು ತಗೊಂಡ್ರು. 'ಏನಣ್ಣ, ಮುದಿವಯಸ್ಸಲ್ಲಿ ಎಲೆ ಕಲ್ತ್‌ಬುಟ್ರಾ' ಅಂತ ರೇಗಿಸ್ದೆ. ನಗ್ನಿಲ್ಲ. ಬಿರ್ರನೆ ಹೊಂಟೋದ್ರು."

ದಾರಿಯುದ್ದಕ್ಕೂ ನಾಗಲಕ್ಷ್ಮಮ್ಮನವರು ಆ ಕಾಗದದ ಪೊಟ್ಟಣವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಮನೆ ಹತ್ತಿರವಾದಾಗ, "ಯಾರು ಮಾಡಿದ್ದು ಅಂತ ಗೊತ್ತಾಯ್ತು ಮೇಷ್ಟ್ರೇ. ಅದನ್ನ ಹೇಳೋದು ಸುಲಭ. ಅದರ ಜೊತೆಗೆ ಇನ್ನೊಂದು ವಿಷಯ ಇದೆ. ಅದನ್ನ ಹೇಳ್ಬೇಕೋ ಬೇಡವೋ ಗೊತ್ತಾಗ್ತಿಲ್ಲ" ಎಂದರು.

"ಅರ್ಧ ಬಿಡಿಸಿದ ಲೆಕ್ಕಕ್ಕೆ ನಾನು ಅಂಕ ಕೊಟ್ಟವನಲ್ಲ" ಎಂದೆ.

ಮರುದಿನ ಬೆಳಗ್ಗೆ ಎಲ್ಲರೂ ಆ ತೆಂಗಿನ ಮರದ ಬಳಿ ಸೇರಿದರು. ಅನಂತರಾಜು ಮಧುಕುಮಾರನನ್ನು ಕರೆತಂದಿದ್ದರು. ಚೈತ್ರಾ ಗಂಡನಿಂದ ದೂರ ನಿಂತು ಅವನನ್ನೇ ನೋಡುತ್ತಿದ್ದಳು. ದೊಡ್ಡಲಕ್ಷ್ಮಮ್ಮ ನೆಲದ ಮೇಲೆ ಕುಳಿತರು. ನರಸಯ್ಯ ಬೀಡಿ ಹಚ್ಚದೆ ಕೈಯಲ್ಲಿ ಹಿಡಿದಿದ್ದ. ಕೆಂಪಯ್ಯ ಎದೆಗೆ ಕೈ ಕಟ್ಟಿ ನಿಂತಿದ್ದ.

ನಾಗಲಕ್ಷ್ಮಮ್ಮನವರು ರಾಶಿಯ ಮುಂದೆ ನಿಂತು ಆರಂಭಿಸಿದರು.

"ಕಲೆತಿರೋ ಜಲ್ಲಿಯನ್ನ ಟಿಪ್ಪರಿನಿಂದ ಸುರಿದಾಗ ದಪ್ಪ ಕಲ್ಲು ಉರುಳಿ ಅಂಚಿಗೆ ಹೋಗುತ್ತೆ, ಪುಡಿ ನಡುವೆ ಉಳಿಯುತ್ತೆ. ಯಾರೂ ಜೋಡಿಸಬೇಕಾಗಿಲ್ಲ. ಈ ಪಕ್ಕ ಹಾಗೇ ಇದೆ. ಹೆಣ ಇದ್ದ ಪಕ್ಕ ಒಳಗಿನದು ಹೊರಗೆ, ಹೊರಗಿನದು ಒಳಗೆ. ಯಾಕೆ? ಸುರಿದ ರಾಶಿಯನ್ನ ಬುಡದಿಂದ ಎಳೆದರೆ ಮೊದಲು ಕೈಗೆ ಬರೋದು ಅಂಚಿನ ದಪ್ಪ ಕಲ್ಲು, ಕೊನೆಗೆ ಬರೋದು ನಡುವಿನ ಪುಡಿ. ಹಾಗಾಗಿ ಹೊಸ ಜಾಗದಲ್ಲಿ ದಪ್ಪದ್ದು ಕೆಳಗೆ ಬಿತ್ತು, ಪುಡಿ ಮೇಲೆ ಬಿತ್ತು. ಇದು ಒಂದು ರಾಶಿಯಲ್ಲ. ಅರ್ಧ ಮಧುಕುಮಾರ ಸುರಿದದ್ದು, ಇನ್ನರ್ಧ ಯಾರೋ ಕೈಯಲ್ಲಿ ಸಾಗಿಸಿದ್ದು. ಹೆಣ ಇದ್ದದ್ದು ಸಾಗಿಸಿದ ಅರ್ಧದಲ್ಲಿ."

ಅನಂತರಾಜು ಸೀಳಿನತ್ತ ಬಗ್ಗಿ ನೋಡಿ ತಲೆಯಾಡಿಸಿದರು.

"ಬೋರಲಿಂಗಯ್ಯನ ಅಂಗೈಯಲ್ಲಿದ್ದದ್ದು ಈ ಜಲ್ಲಿಯಲ್ಲ, ದಾರಿಯ ಗರಸು. ಆತ ಬಿದ್ದದ್ದು ಗಾಡಿದಾರಿಯಲ್ಲಿ. ಕೈಯೂರಿ ಏಳೋಕೆ ನೋಡಿದಾನೆ. ಜಲ್ಲಿ ಮೈಮೇಲೆ ಬಂದದ್ದು ಆಮೇಲೆ. ಇನ್ನು ಈ ಕಲ್ಲು." ಕುಂಕುಮ ಮೆತ್ತಿದ ಜಲ್ಲಿಕಲ್ಲನ್ನು ಎತ್ತಿ ಹಿಡಿದರು. "ಇದು ಹೆಣದ ಮಗ್ಗುಲಲ್ಲಿ ಸಿಕ್ತು. ಕುಂಕುಮ ಇಡೋದು ರಾಶಿಯ ಮೇಲೆ, ಹೊಟ್ಟೆಯೊಳಗಲ್ಲ. ಟಿಪ್ಪರ್ ಹೋದ ಮೇಲೆ ಬೋರಲಿಂಗಯ್ಯ ಅಂಗಡಿಯಿಂದ ಹೂವು ಕುಂಕುಮ ತಂದು ಮೇಲಿಟ್ಟ. ಅಂದರೆ ಆಗ ಬದುಕಿದ್ದ. ಸುರಿಯುವಾಗಲೇ ಕೂಗಿ ಸತ್ತ ಅನ್ನೋದು ಸುಳ್ಳು."

ಚೈತ್ರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನರಸಯ್ಯನ ಕಣ್ಣು ಕೆಂಪಯ್ಯನ ಕಡೆ ಹೊರಳಿತು.

"ನನ್ ಕಡೆ ಏನ್ಲಾ ನೋಡ್ತಿಯೆ?" ಕೆಂಪಯ್ಯ ಗದರಿದ. "ವಯಸ್ಸಾದ ಕಿವಿ. ಏನೋ ಕೇಳ್ತು, ಏನೋ ಅಂದೆ. ಜಗಳ ಆಡ್ದೋನು ನೀನು!"

"ನರಸಯ್ಯನಿಗೆ ಈ ರಾಶಿ ಸರಿಸೋ ಅಗತ್ಯ ಇರಲಿಲ್ಲ" ಎಂದರು ನಾಗಲಕ್ಷ್ಮಮ್ಮನವರು. "ಹೆಣ ಮುಚ್ಚೋಕೆ ಹತ್ತಿಪ್ಪತ್ತು ಬಾಣಲಿ ಸಾಕಿತ್ತು. ಇಲ್ಲಿ ಅರ್ಧ ಲೋಡು ಜಾಗ ಬಿಟ್ಟಿದೆ. ಸುತ್ತ ಒಂದು ಕಲ್ಲೂ ಚೆಲ್ಲದ ಹಾಗೆ, ಕಣದಲ್ಲಿ ರಾಗಿ ರಾಶಿ ಒಟ್ಟಿದ ಹಾಗೆ ಗುಂಡಗೆ ಒಟ್ಟಿದೆ. ಅಷ್ಟು ಕಷ್ಟ ಯಾತಕ್ಕೆ? ಮೊದಲು ಜಲ್ಲಿ ಬಿದ್ದದ್ದು ಮರಕ್ಕೆ ತಾಗಿ. ಮರಕ್ಕೂ ಈ ರಾಶಿಗೂ ನಡುವೆ ಈಗ ಏನಿದೆ, ನೋಡಿ."

ಎಲ್ಲರೂ ನೋಡಿದರು. ನಡುವೆ ಇದ್ದದ್ದು ಕೆಂಚಮ್ಮನ ಸಮಾಧಿ.

"ಗುಡಿಸಿದ ಕಸದಲ್ಲಿ ಕಲ್ಲುಪುಡಿ ಸಿಕ್ಕಿದೆ ಕೆಂಪಯ್ಯನೋರೇ. ಜಲ್ಲಿ ಬೀಳದ ಸಮಾಧಿ ಮೇಲೆ ಜಲ್ಲಿಪುಡಿ ಎಲ್ಲಿಂದ ಬಂತು? ಕೊಲೆ ಮುಚ್ಚಬೇಕಾದವನು ಹೆಣದ ಮೇಲೆ ಸುರಿದು, ಉಳಿದದ್ದನ್ನ ಇದ್ದಲ್ಲೇ ಬಿಟ್ಟು ಹೋಗ್ತಿದ್ದ. ನಿಮ್ಮ ಕೈಲಿ ಬಿಟ್ಟುಹೋಗೋಕೆ ಆಗಲಿಲ್ಲ."

ಕೆಂಪಯ್ಯ ಹೆಗಲ ಟವಲನ್ನು ತೆಗೆದು ಮುಖ ಒರೆಸಿಕೊಂಡ.

"ಬುಟ್ಟೋಗೋದಾ?" ಎಂದ. ದನಿ ಏರಲಿಲ್ಲ. "ಅವ್ಳ ಎದೆ ಮೇಲೆ ಜಲ್ಲಿ ಸುರ್ಸಿ, ಮೇಲೆ ಹೂ ಕುಂಕುಮ ಇಟ್ಟು ಪೂಜೆ ಮಾಡ್ಸಿದ್ದ. ಮನೆ ಚೆಂದಾಗಿ ಏಳ್ಲಿ ಅಂತ. ಎದೆ ಹಾಲು ಕುಡ್ಸಿ ಸಾಕಿದ್ಲು ಅವ್ನ. ಗುದ್ದಲಿ ತಂದು ಎಳ್ದು ಹಾಕ್ತಿದ್ದೆ, ಎಲ್ಲಿಂದ್ಲೋ ಬಂದ. 'ಚಿಕ್ಕಪ್ಪ, ಒಸಿ ಕೇಳು' ಅಂತ ಕೈ ಹಿಡ್ದ. ಏನ್ಲಾ ಕೇಳೋದು ಅಂತ ಗುದ್ದಲಿ ಹಿಡಿ ಕಾವಲ್ಲಿ ಒಂದ್ ಕೊಟ್ಟೆ. ದಾರಿಗೆ ಬಿದ್ದ. ಎದ್ದ, ಮತ್ತೆ ಕೊಟ್ಟೆ. ಏಳ್ನಿಲ್ಲ. ನಂಗೆ ಅದ್ಕೆ ದುಃಖ ಇಲ್ಲ. ಬರ್ಕಳಿ ಸಾಹೇಬ್ರೇ."

"ಈ ಹುಡುಗ ಏನು ಮಾಡಿದ್ದ ನಿಮಗೆ?" ಅನಂತರಾಜು ಮಧುಕುಮಾರನನ್ನು ತೋರಿಸಿ ಕೇಳಿದರು.

"ಸುರಿದೋನು ಅವ್ನೇ ಅಲ್ವಾ."

ನಾಗಲಕ್ಷ್ಮಮ್ಮನವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅವರು ಚೀಲದಿಂದ ಕಾಗದದ ಪೊಟ್ಟಣ ತೆಗೆದು ಸಮಾಧಿಯ ತಲೆಗಲ್ಲಿನ ಪಕ್ಕ ಬಿಚ್ಚಿಟ್ಟರು.

"ನೀವು ಕತ್ತಲಲ್ಲಿ ಗುಡಿಸಿ ಬೇಲಿಗೆ ಹಾಕಿದ್ರಲ್ಲ, ಅದರಲ್ಲಿ ಇದೂ ಇತ್ತು. ನೋಡ್ಕೊಳ್ಳಿ."

ಕೆಂಪಯ್ಯ ಬಗ್ಗಿದ. ಬಾಡಿದ ವೀಳ್ಯದೆಲೆ, ಹೊಗೆಸೊಪ್ಪು.

"ಮನೆಯ ಪೂಜೆಗೆ ಯಾರೂ ಹೊಗೆಸೊಪ್ಪು ಇಡಲ್ಲ. ಬೋರಲಿಂಗಯ್ಯ ಎಲೆ ಹಾಕೋನೂ ಅಲ್ಲ, ನೀವೇ ಹೇಳಿದಿರಿ. ಬಂದು ನೋಡಿದಾನೆ, ಜಲ್ಲಿ ಎಲ್ಲಿ ಬಿದ್ದಿದೆ ಅಂತ ಗೊತ್ತಾಗಿದೆ. ಕತ್ತಲಾಗ್ತಿತ್ತು, ಆಗಲೇ ಎತ್ತಿಸೋಕೆ ಆಳಿರಲಿಲ್ಲ. ಅಂಗಡಿಗೆ ಓಡಿಹೋಗಿ ಸಾಕಿದ ಅವ್ವಂಗೆ ಇಷ್ಟವಾದದ್ದನ್ನ ತಂದು ಇಟ್ಟ. ಅದು ಮನೆಗೆ ಮಾಡಿದ ಪೂಜೆಯಲ್ಲ, ಸತ್ತವರಿಗೆ ಇಡೋ ಎಡೆ. ತಪ್ಪಾಯ್ತು ಅಂತ ಅವಳಿಗೆ ಹೇಳಿದ್ದು. ನಿಮಗೂ ಅದನ್ನೇ ಹೇಳೋಕೆ ಕೈ ಹಿಡಿದಿದ್ದ."

ಕೆಂಪಯ್ಯ ಎಲೆಯನ್ನು ಮುಟ್ಟಲು ಕೈ ಚಾಚಿದವನು ಮುಟ್ಟದೆ ಹಿಂತೆಗೆದ. ದೊಡ್ಡಲಕ್ಷ್ಮಮ್ಮನ ಕಡೆ ತಿರುಗಿದ. ಆಕೆ ಅವನನ್ನು ನೋಡಲೂ ಇಲ್ಲ, ಬಯ್ಯಲೂ ಇಲ್ಲ. "ಚಿಕ್ಕತ್ತೆ ಇದ್ದಿದ್ರೆ ಅವ್ನ ಮಾತು ಕೇಳೋರು" ಎಂದಷ್ಟೇ ಅಂದರು.

ಅನಂತರಾಜು ಮಧುಕುಮಾರನ ಭುಜ ತಟ್ಟಿ, ಇನ್ನೊಂದು ರುಜು ಬಾಕಿಯಿದೆ, ಅದಾದರೆ ಮನೆಗೆ ಹೋಗಬಹುದು ಎಂದರು. ಚೈತ್ರಾ ಬಂದು ಗಂಡನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅದನ್ನು ಮತ್ತೆ ಬಿಡಲೇ ಇಲ್ಲ.

ಪೊಲೀಸ್ ಜೀಪು ಸಮಾಧಿಗಳ ಆಚೆ ಬದಿಯಲ್ಲಿ ನಿಂತಿತ್ತು. ನೇರವಾದ ದಾರಿ ಕೆಂಚಮ್ಮನ ತಲೆಗಲ್ಲಿನ ಮುಂದೆಯೇ ಹಾದುಹೋಗುತ್ತಿತ್ತು. ಪೇದೆ ಆ ಕಡೆಗೆ ಕೈ ತೋರಿಸಿದ. ಕೆಂಪಯ್ಯ ಆ ದಾರಿ ಹಿಡಿಯಲಿಲ್ಲ. ತಲೆ ತಗ್ಗಿಸಿ, ಬೇಲಿಯ ಅಂಚಿಗೆ, ಇಡೀ ಹೊಲವನ್ನು ಬಳಸಿಕೊಂಡು ಜೀಪಿನ ಕಡೆಗೆ ನಡೆದ.